ಹನ್ನೆರಡನೆಯವನು ಇನ್ನೂ ಬಂದಿಲ್ಲ

ಮಾರ್ಚ್ ೪, ಸೋಮವಾರ

ನನ್ನ ಕೋಣೆ ಹೋಯಿತು. ಈ ಮನೆಯಲ್ಲಿ ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಒಂದು ಕಿಟಕಿ, ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರ್. ಇವತ್ತು ಬೆಳಿಗ್ಗೆ ಅಲ್ಲಿಗೆ ಮಂಚ ಬಂತು, ಮಂಚದ ಹಿಂದೆ ಅತ್ತೆ ಬಂದರು, ಅತ್ತೆಯ ಜೊತೆ ಪ್ಲಾಸ್ಟರ್ ಹಾಕಿದ ಅವರ ಎಡಗಾಲು ಬಂತು. ಕಂಪ್ಯೂಟರನ್ನು ಊಟದ ಮೇಜಿಗೆ ಸಾಗಹಾಕಿದರು. ಈಗ ನನ್ನ ಕೀಬೋರ್ಡಿನ ಒಂದು ಪಕ್ಕ ಉಪ್ಪಿನ ಡಬ್ಬಿ, ಇನ್ನೊಂದು ಪಕ್ಕ ನೀರಿನ ಜಗ್ಗು.

ಅತ್ತೆ ಇರುವುದು ಊರಿನ ಆ ತುದಿಯಲ್ಲಿ, ಭಾಮೈದನ ಮನೆಯಲ್ಲಿ, ನಾಲ್ಕನೇ ಮಹಡಿ. ಆ ಕಟ್ಟಡದ ಲಿಫ್ಟ್ ಕೆಟ್ಟಿದೆ. ನಮ್ಮದು ನೆಲಮಹಡಿ. ಹಾಗಾಗಿ ಆಸ್ಪತ್ರೆಯಿಂದ ನೇರ ಇಲ್ಲಿಗೆ. ಒಂದು ಲಿಫ್ಟ್ ನೋಡಿಕೊಳ್ಳುವ ಯೋಗ್ಯತೆ ಇಲ್ಲದವರು ನಾಲ್ಕು ಮಹಡಿ ಯಾಕೆ ಕಟ್ಟಬೇಕು? ಭಾಮೈದನಿಗೆ ಫೋನ್ ಮಾಡಿ ಇದನ್ನೇ ಕೇಳಿದೆ.

"ಎರಡೇ ವಾರ ಭಾವ, ಏನೋ ಪಾರ್ಟ್ ಬರಬೇಕಂತೆ" ಅಂದ.

ನನ್ನವಳು ಸೇತುವೆ ಕಟ್ಟುವ ಕಂಪನಿಯ ಎಂಜಿನಿಯರ್. ತಾಯಿಯನ್ನು ಮಲಗಿಸಿ, ಔಷಧಿಗಳನ್ನೆಲ್ಲ ಸಾಲಾಗಿ ಜೋಡಿಸಿ, ಹಗಲು ನೋಡಿಕೊಳ್ಳಲು ಒಬ್ಬ ನರ್ಸಮ್ಮನನ್ನು ಗೊತ್ತುಮಾಡಿ ಸಂಜೆ ಕೆಲಸದ ಜಾಗಕ್ಕೆ ಹೊರಟಳು. ಇನ್ನು ಬರುವುದು ಮೇ ತಿಂಗಳಲ್ಲಿ. ಬಾಗಿಲಲ್ಲಿ ನಿಂತು ಹೇಳಿದಳು, "ರೀ, ನಿಮ್ಮ ಆ ಆಟ ಇದೆಯಲ್ಲ, ನಾನು ಬರೋದ್ರೊಳಗೆ ಒಂದೇ ಒಂದು ಮುಗಿಸಿ ತೋರಿಸಿ. ಮುಗೀಲಿಲ್ಲ ಅಂದ್ರೆ ಆ ಕೋಣೆಗೆ ನನ್ನ ಡ್ರಾಯಿಂಗ್ ಮೇಜು ಹಾಕ್ತೀನಿ, ಆಮೇಲೆ ಮುಖ ಊದಿಸ್ಕೋಬೇಡಿ."

ಮುಖ ಊದಿಸಿಕೊಳ್ಳದೆ ಇನ್ನೇನು ಮಾಡಲಿ? ವಿಡಿಯೋ ಗೇಮ್ ಕಟ್ಟುವುದು ನನ್ನ ಹವ್ಯಾಸ. ಮೂರು ವರ್ಷದಿಂದ ಕಟ್ಟುತ್ತಿದ್ದೇನೆ. ಕಾರಿನ ಆಟ ಅರ್ಧ ಆಯಿತು, ಹಾರುವ ಕಪ್ಪೆಯದು ಮುಕ್ಕಾಲು ಆಯಿತು, ಪತ್ತೇದಾರಿಯದರಲ್ಲಿ ಕೊಲೆಯಾದವನನ್ನು ಬರೆದೆ, ಕೊಂದವನನ್ನು ಬರೆಯಲಿಲ್ಲ. ಪ್ರತಿ ಸಲವೂ ಅರ್ಧಕ್ಕೆ ಬಂದಾಗ, ನಾನು ಆರಿಸಿಕೊಳ್ಳಬೇಕಾಗಿದ್ದ ಆಟದ ಬಗೆ ಇದಲ್ಲ, ಬೇರೆಯದು ಅಂತ ಅನಿಸಿಬಿಡುತ್ತದೆ. ಅದು ಸೋಮಾರಿತನವಲ್ಲ. ಇದನ್ನು ಇವಳಿಗೆ ಯಾರು ಹೇಳುವುದು?

ಮಾರ್ಚ್ ೬, ಬುಧವಾರ

ನಾನು ಕಟ್ಟುಹಲ್ಲು ಮಾಡುವವನು. ದವಡೆಯ ಅಚ್ಚು ಕ್ಲಿನಿಕ್ಕುಗಳಿಂದ ಬರುತ್ತದೆ, ಅದರ ಮೇಲೆ ಮೇಣದಲ್ಲಿ ಹಲ್ಲು ಕೂರಿಸಿ ಸೆಟ್ ಮಾಡಿ ಕಳಿಸುವುದು ನಮ್ಮ ಲ್ಯಾಬಿನ ಕೆಲಸ. ಇವತ್ತು ಒಂದು ಕ್ಲಿನಿಕ್ಕಿನವರು ಒಬ್ಬರ ಮೇಲ್ದವಡೆಗೆ ಇನ್ನೊಬ್ಬರ ಕೆಳದವಡೆ ಜೋಡಿಸಿ ಕಳಿಸಿದ್ದರು. ಮಧ್ಯಾಹ್ನದ ತನಕ ಅದನ್ನು ಕಚ್ಚಿಸಲು ಒದ್ದಾಡಿದೆ. ತಪ್ಪು ಅವರದು, ಬೈಗುಳ ನನಗೆ.

ಮನೆಗೆ ಬಂದಾಗ ಎಂಟೂವರೆ. ಬಾಗಿಲು ತೆಗೆದರೆ ಎದುರಿಗೇ ಅತ್ತೆ. ಹಾಲ್‌ನ ಕೈಕುರ್ಚಿಯನ್ನು ಬಾಗಿಲಿಗೆ ಮುಖಮಾಡಿ ತಿರುಗಿಸಿಕೊಂಡು, ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಾರೆ.

"ಯಾಕೆ ಇಷ್ಟು ಹೊತ್ತು?"

ನನಗೆ ನಲವತ್ತೆರಡು ವಯಸ್ಸು. ತಲೆಯಲ್ಲಿ ಬಿಳಿ ಕೂದಲು ಬಂದಿದೆ. ನನ್ನ ಹೆಂಡತಿಯೇ ಈ ಪ್ರಶ್ನೆ ಕೇಳಿ ವರ್ಷಗಳಾದವು.

"ಕೆಲಸ ಇತ್ತು ಅತ್ತೆ."

"ಇರಲಿ, ಒಂದು ಫೋನ್ ಮಾಡಬಹುದಿತ್ತಲ್ಲ ನೀವು. ಸರಿ, ಎಲ್ಲ ಬಂದ ಹಾಗಾಯ್ತು." ಕೋಲೂರಿಕೊಂಡು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದರು. ಎಲ್ಲ ಅಂದರೆ ನಾನೊಬ್ಬ.

ಅತ್ತೆ ಕೆಲಸ ಮಾಡಿದ್ದು ನೂಲಿನ ಗಿರಣಿಯ ಹೆಂಗಸರ ಹಾಸ್ಟೆಲಿನಲ್ಲಿ, ವಾರ್ಡನ್ ಆಗಿ. ಎಂಟು ಗಂಟೆಗೆ ಗೇಟು ಹಾಕಬೇಕು, ಅದಕ್ಕೆ ಮೊದಲು ಎಲ್ಲರೂ ಒಳಗೆ ಬಂದಿದ್ದಾರೋ ಇಲ್ಲವೋ ಎಣಿಸಬೇಕು. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಎಣಿಸುವ ಚಟ ಬಿಟ್ಟಿಲ್ಲ. ಇದೇನು ಹಾಸ್ಟೆಲೇ? ನಾನೇನು ಗಿರಣಿಯ ಹುಡುಗಿಯೇ? ಸಿಟ್ಟಿಗೆ ಊಟವೂ ಸೇರಲಿಲ್ಲ.

ಮಾರ್ಚ್ ೧೦, ಭಾನುವಾರ

ಸಂಘದ ಸಭೆ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ಏಳೆಂಟು ಜನ ಸೇರುತ್ತೇವೆ. ಬ್ಯಾಂಕಿನ ಗುಮಾಸ್ತ, ಗಣಿತದ ಮೇಷ್ಟ್ರು, ಫೋಟೋ ಸ್ಟುಡಿಯೋ ಮುಚ್ಚಿದ ಒಬ್ಬ ಯಜಮಾನರು, ಎಲ್ಲರಿಗೂ ಆಟ ಕಟ್ಟುವ ಹುಚ್ಚು. ಅಧ್ಯಕ್ಷನನ್ನು ಎಲ್ಲರೂ ಪಿಕ್ಸೆಲ್ ಎಂದೇ ಕರೆಯುವುದು. ಮನುಷ್ಯನಿರಲಿ ಮರವಿರಲಿ, ಚುಕ್ಕಿ ಚುಕ್ಕಿ ಇಟ್ಟೇ ಬರೆಯುತ್ತಾನೆ.

ಮೇ ಐದಕ್ಕೆ ಸಂಘದ ಪ್ರದರ್ಶನವಂತೆ. ನಾಲ್ಕು ಮೇಜು: ಯುದ್ಧ, ಓಟ, ಒಗಟು, ಕಥೆ. ಪಿಕ್ಸೆಲ್ ಎಂದಿನ ಹಾಗೆ ಭಾಷಣ ಬಿಗಿದ. "ಮೊದಲು ಯಾವ ಬಗೆ ಅಂತ ತೀರ್ಮಾನ ಮಾಡ್ಕೊಳ್ಳಿ. ಬಗೆ ಗೊತ್ತಿಲ್ದೆ ಕೋಡ್ ಬರೆಯೋದು ಅಂದ್ರೆ, ಎಲ್ಲಿಗೆ ಅಂತ ಕೇಳದೆ ಬಸ್ ಹತ್ತಿದ ಹಾಗೆ." ಈ ಮಹಾಶಯ ಇದುವರೆಗೆ ಮುಗಿಸಿದ್ದು ಒಂದೇ ಆಟ. ಕಾರಿನ ಓಟ. ಅದರಲ್ಲಿ ಇರುವುದು ಒಂದೇ ಕಾರು.

ಆಮೇಲೆ ನನ್ನ ಕಡೆ ತಿರುಗಿ, "ನೀವು ಯಾವ ಮೇಜು ಸಾರ್? ಅರ್ಧರ್ಧ ಆದವಕ್ಕೆ ನಾವು ಮೇಜು ಹಾಕಿಲ್ಲ" ಅಂದ. ಗಣಿತದ ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಯುದ್ಧ" ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೇ.

ಮಾರ್ಚ್ ೧೩, ಬುಧವಾರ

ಬಿಟ್ಟಿ ಸಲಹೆಗೆ ಈ ಊರಿನಲ್ಲಿ ಬರವಿಲ್ಲ. ಲ್ಯಾಬಿನ ಯಜಮಾನ ಹೇಳುತ್ತಾನೆ, ಹಲ್ಲಿನ ಹುಳುಗಳಿಗೆ ಗುಂಡು ಹೊಡೆಯುವ ಆಟ ಮಾಡಿದರೆ ಲ್ಯಾಬಿಗೂ ಪ್ರಚಾರ ಸಿಗುತ್ತದಂತೆ. ಹಲ್ಲಿನಲ್ಲಿ ಹುಳು ಇರುವುದಿಲ್ಲ ಅಂತ ಗೊತ್ತಿಲ್ಲದವನು ಹಲ್ಲಿನ ಲ್ಯಾಬ್ ನಡೆಸುತ್ತಿದ್ದಾನೆ. ಭಾಮೈದ ಫೋನಿನಲ್ಲಿ, "ಮಧ್ಯೆ ಮಧ್ಯೆ ಜಾಹೀರಾತು ಬರೋ ಥರ ಮಾಡಿ ಭಾವ, ಆಟ ಹೇಗಿದ್ರೂ ನಡೆಯುತ್ತೆ" ಅಂದ. ಲಿಫ್ಟ್ ಏನಾಯಿತು ಅಂತ ಕೇಳಿದರೆ, ಪಾರ್ಟ್ ಬಂತಂತೆ, ಆದರೆ ಬೇರೆ ಯಾವುದೋ ಲಿಫ್ಟಿನದಂತೆ.

ಅತ್ತೆ ಮಾತ್ರ ಏನೂ ಹೇಳಲಿಲ್ಲ. ನಾನು ಕೋಟೆಯ ಚಿತ್ರ ಬರೆಯುತ್ತಿದ್ದಾಗ ಹಿಂದಿನಿಂದ, "ಅದಕ್ಕೆ ಬಾಗಿಲು ಇದೆಯಾ?" ಅಂದರು.

"ಕೋಟೆ ಅಂದ ಮೇಲೆ ಬಾಗಿಲು ಇರುತ್ತೆ ಅತ್ತೆ."

"ಚಿಲಕ?"

ನಾನು ಗೋಡೆಯನ್ನು ಇನ್ನೊಂದಿಷ್ಟು ಎತ್ತರ ಮಾಡಿದೆ.

ಮಾರ್ಚ್ ೨೩, ಶನಿವಾರ

ಕೋಟೆ ಎದ್ದು ನಿಂತಿದೆ. ಒಳಗೆ ಹನ್ನೆರಡು ಸೈನಿಕರು. ಎಲ್ಲರಿಗೂ ಒಂದೇ ಮುಖ, ಟೋಪಿಯ ಬಣ್ಣ ಮಾತ್ರ ಬೇರೆ. ಬಾಗಿಲು ಒತ್ತಿದರೆ ತೆರೆಯುತ್ತದೆ, ಸೈನಿಕರು ಹೊರಗೆ ಹೋಗಿ ಬಯಲಲ್ಲಿ ಹೊಡೆದಾಡಿ, ಗೆದ್ದಷ್ಟು ನೆಲಕ್ಕೆ ಬಾವುಟ ನೆಟ್ಟು, ಸಂಜೆಗೆ ವಾಪಸ್ಸು ಬರುತ್ತಾರೆ. ಎಲ್ಲ ನೆಲ ಗೆದ್ದರೆ ಆಟ ಮುಗಿಯಿತು. ಮೂರು ವರ್ಷದಲ್ಲಿ ಮೊದಲ ಸಲ ಏನೋ ಒಂದು ಮುಗಿಯುವ ಲಕ್ಷಣ ಕಂಡು ಖುಷಿಯಾಗಿದ್ದೆ. ಅದೇ ಖುಷಿಯಲ್ಲಿ, ಅತ್ತೆ "ನಾನೂ ಒಂದು ಸಲ ಒತ್ತಲಾ?" ಅಂದಾಗ ಮೌಸ್ ಅವರ ಕೈಗೆ ಕೊಟ್ಟೆ. ನನ್ನ ಬುದ್ಧಿಗಿಷ್ಟು.

ಬಾಗಿಲು ತೆಗೆದರು. ಸೈನಿಕರು ಹೋದರು. ಹೊಡೆದಾಟ ನಡೆಯುವಾಗ ಅತ್ತೆ ಅತ್ತ ನೋಡಲೇ ಇಲ್ಲ, ಬಾಗಿಲನ್ನೇ ನೋಡುತ್ತಿದ್ದರು. ಸಂಜೆಯಾಗಿ ಸೈನಿಕರು ಒಬ್ಬೊಬ್ಬರೇ ಬರತೊಡಗಿದ ಮೇಲೆ ಬೆರಳಿಟ್ಟು ಎಣಿಸಿದರು.

"ಹನ್ನೊಂದೇ ಇದ್ದಾರೆ. ಹಸಿರು ಟೋಪಿಯವನು ಬಂದಿಲ್ಲ."

"ಅವನು ಹೋದ ಅತ್ತೆ. ನೀವು ಮುಂದಿನ ದಿನಕ್ಕೆ ಒತ್ತಿ."

"ಹೋದ ಅಂದ್ರೆ? ಎಲ್ಲಿಗೆ?"

"ಸತ್ತ."

"ಹಾಗಂತ ಯಾರು ಹೇಳಿದ್ರು?"

ನಾನು ಹೇಳುತ್ತಿದ್ದೇನೆ, ನಾನೇ ಬರೆದವನು. ಸತ್ತ ಸೈನಿಕ ಲೆಕ್ಕದಿಂದ ಡಿಲೀಟ್ ಆಗುತ್ತಾನೆ, ಅಷ್ಟೆ. ಎಲ್ಲ ಯುದ್ಧದ ಆಟದಲ್ಲೂ ಹೀಗೇ. ಎಷ್ಟು ಹೇಳಿದರೂ ಅವರದು ಒಂದೇ ಮಾತು. "ಅದು ನಿಮಗೆ ಗೊತ್ತು. ಈ ಬಾಗಿಲಲ್ಲಿ ಕೂತವಳಿಗೆ ಯಾರೂ ಬಂದು ಹೇಳಿಲ್ಲವಲ್ಲ. ಬಸ್ ತಪ್ಪಿರಬಹುದು, ಹೊಟ್ಟೆನೋವು ಬಂದಿರಬಹುದು. ನೋಡೋಣ, ಬರ್ತಾನೆ."

ಊಟ ಮಾಡಿ ಬಂದರೆ ಕೋಟೆಯ ಬಾಗಿಲು ಹಾಗೇ ತೆರೆದಿದೆ, ಅತ್ತೆ ಹಾಗೇ ಕೂತಿದ್ದಾರೆ.

ಮಾರ್ಚ್ ೨೪, ಭಾನುವಾರ

ಬೆಳಿಗ್ಗೆ ನೋಡಿದರೆ ಕಂಪ್ಯೂಟರ್ ಆಫ್ ಆಗಿಲ್ಲ. ಸ್ವಿಚ್ಚಿಗೆ ಕೈ ಹಾಕಿದೆ, ಕೋಣೆಯೊಳಗಿಂದ ದನಿ ಬಂತು, "ಆರಿಸಬೇಡಿ, ಒಬ್ಬ ಬರಬೇಕು."

ನನ್ನ ಪಿತ್ತ ನೆತ್ತಿಗೇರಿತು. ಹೇಳಬೇಕಾದ್ದನ್ನೆಲ್ಲ ಹೇಳಿಬಿಟ್ಟೆ. ಇದು ಹಾಸ್ಟೆಲಲ್ಲ, ಕೋಟೆ. ಅವನು ಗಿರಣಿಯ ಹುಡುಗಿಯಲ್ಲ, ಸೈನಿಕ. ಸೈನಿಕ ಅಂದ ಮೇಲೆ ಸಾಯುತ್ತಾನೆ. ಅವನು ಮನುಷ್ಯನೂ ಅಲ್ಲ, ನಾನು ಬರೆದ ನಾಲ್ಕು ಚೌಕ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

"ಅಷ್ಟು ನಿಷ್ಠುರ ಇದ್ದವರು ಟೋಪಿಗೆ ಯಾಕೆ ಬೇರೆ ಬೇರೆ ಬಣ್ಣ ಹಾಕಿದ್ರಿ?"

ಇಂಥವರ ಜೊತೆ ವಾದ ಮಾಡುವುದು ಹೇಗೆ?

ಮಾರ್ಚ್ ೩೦, ಶನಿವಾರ

ಅವರ ಬಾಯಿ ಮುಚ್ಚಿಸಬೇಕೆಂದೇ ಒಂದು ವಾರ ಕೂತು ಹೊಸದಾಗಿ ಬರೆದೆ. ಈಗ ಯಾರಾದರೂ ಸತ್ತರೆ ಸಂಜೆ ಒಬ್ಬ ದೂತ ಬಾಗಿಲಿಗೆ ಬರುತ್ತಾನೆ, ಇಂಥ ಟೋಪಿಯವನು ಇಂಥ ಕಡೆ ಬಿದ್ದ ಎಂದು ಹೇಳಿ ಅವನ ಟೋಪಿ ಕೊಟ್ಟು ಹೋಗುತ್ತಾನೆ. ತಗೊಳ್ಳಿ, ಸುದ್ದಿ ಬಂತಲ್ಲ.

ಅತ್ತೆ ಒಂದು ಸಲ ಆಡಿದರು. ದೂತ ಬಂದ. ನೀಲಿ ಟೋಪಿ ಕೊಟ್ಟ. ಅತ್ತೆ ಬಾಗಿಲು ಹಾಕಿ ಚಿಲಕ ಎಳೆದರು. (ಹೌದು, ಚಿಲಕವನ್ನೂ ಮಾಡಿಕೊಟ್ಟಿದ್ದೇನೆ.) ಮೌಸ್ ಕೆಳಗಿಟ್ಟರು.

"ಇನ್ನು ಯಾರನ್ನೂ ಹೊರಗೆ ಕಳಿಸಲ್ಲ."

"ಕಳಿಸದೆ ಇದ್ರೆ ಆಟ ಹೇಗೆ ನಡೆಯುತ್ತೆ ಅತ್ತೆ?"

"ಬೇರೆ ಕೆಲಸಕ್ಕೆ ಕಳಿಸಿ. ಊರು ಅಂದ ಮೇಲೆ ಹೊಡೆದಾಟ ಒಂದೇನಾ ಇರೋದು?"

ಯುದ್ಧದ ಆಟದಲ್ಲಿ ಬೇರೆ ಕೆಲಸವಂತೆ. ನಾಳೆ ಕುದುರೆಗೆ ರಜೆ ಕೊಡಿ ಅನ್ನುತ್ತಾರೆ.

ಏಪ್ರಿಲ್ ೨, ಮಂಗಳವಾರ

ಎಷ್ಟು ಬೇಸರದ ಆಟವಾಗುತ್ತದೆ ಎಂದು ಅವರಿಗೆ ತೋರಿಸುವ ಸಲುವಾಗಿಯೇ ಯುದ್ಧ ತೆಗೆದು ಹಾಕಿದೆ. ಹನ್ನೆರಡು ಜನ ಬೆಳಿಗ್ಗೆ ಬೇರೆ ಬೇರೆ ಕಡೆ ಹೋಗುತ್ತಾರೆ, ಒಬ್ಬ ಬಡಗಿ, ಒಬ್ಬ ದೋಣಿಯವನು, ಒಬ್ಬ ದರ್ಜಿ. ಸಂಜೆ ಬರುತ್ತಾರೆ. ಆಡುವವರ ಕೆಲಸ ದೀಪ ಹಚ್ಚುವುದು, ಎಣಿಸುವುದು, ತಡವಾದವನು ಹೇಳಿದ ಕಾರಣ ಕೇಳಿ ಒಳಗೆ ಬಿಡುವುದು. ಅಷ್ಟೆ. ಬೇಸರ ಎಷ್ಟೆಂದು ಅಳೆಯಲು ನಾನೇ ಆಡಿ ನೋಡಿದೆ. ದೋಣಿಯವನು ಬರುವುದು ತಡವಾಯಿತು. ನರ್ಸಮ್ಮ ಮಾಡಿಟ್ಟು ಹೋಗಿದ್ದ ಊಟ ತಣ್ಣಗಾಯಿತು.

ಏಪ್ರಿಲ್ ೭, ಭಾನುವಾರ

ಸಂಘಕ್ಕೆ ಕೊಂಡುಹೋದೆ. ಬೇಡವಿತ್ತು.

ಪಿಕ್ಸೆಲ್ ಐದು ನಿಮಿಷ ಆಡಿದ. "ಇದ್ರಲ್ಲಿ ಗೆಲ್ಲೋದು ಎಲ್ಲಿ?" ಅಂದ. ಗೆಲ್ಲುವುದಿಲ್ಲ ಅಂದೆ. "ಸೋಲೋದು?" ಅದೂ ಇಲ್ಲ ಅಂದೆ. ಬ್ಯಾಂಕಿನ ಗುಮಾಸ್ತ, "ಬಾಗಿಲು ಕಾಯೋಕೆ ವಾಚ್‌ಮನ್‌ಗೆ ಸಂಬಳ ಕೊಡ್ತಾರೆ, ನಾವು ಯಾಕೆ ಸುಮ್ಮನೆ ಕಾಯಬೇಕು?" ಅಂದ. ಕೋಣೆ ತುಂಬ ನಗು.

"ಯುದ್ಧ ಅಂತ ಹೇಳಿದ್ರಿ. ಇದು ಯುದ್ಧ ಅಲ್ಲ, ಓಟ ಅಲ್ಲ, ಒಗಟಲ್ಲ. ಕಥೆ ಅಂದ್ರೆ ಅದಕ್ಕೂ ತಲೆಬುಡ ಇಲ್ಲ. ಯಾವ ಮೇಜಲ್ಲಿ ಇಡಲಿ ಇದನ್ನ?"

ನನಗೆ ತಡೆಯಲಾಗಲಿಲ್ಲ. ಒಬ್ಬ ಹೆಂಗಸು ಆಯುಷ್ಯವಿಡೀ ಬಾಗಿಲು ಕಾದಿದ್ದಾಳೆ, ಎಷ್ಟೋ ಹೆಣ್ಣುಮಕ್ಕಳನ್ನು ಎಣಿಸಿ ಒಳಗೆ ಕರೆದುಕೊಂಡಿದ್ದಾಳೆ, ಅದು ಕೆಲಸವಲ್ಲವೇ ಎಂದು ಕೇಳಿದೆ. ನಿನ್ನ ಒಂಟಿ ಕಾರು ಸುತ್ತು ಹೊಡೆದು ಯಾವ ಊರಿಗೆ ಹೋಯಿತು ಎಂದೂ ಕೇಳಿದೆ. ಸ್ಟುಡಿಯೋ ಯಜಮಾನರು ಅಡ್ಡ ಬಂದು ಕೂರಿಸಿದರು. ಮನೆಗೆ ಬಂದು ಅತ್ತೆಗೆ ಇದನ್ನೇನೂ ಹೇಳಲಿಲ್ಲ. "ಚೆನ್ನಾಗಿದೆ ಅಂದ್ರು" ಎಂದೆ.

ಏಪ್ರಿಲ್ ೧೧, ಗುರುವಾರ

ಲ್ಯಾಬಿನಿಂದ ಹೊರಡುವುದು ತಡವಾಯಿತು. ಫೋನ್ ಮಾಡಿ ತಿಳಿಸಿದೆ. ತಿಳಿಸದಿದ್ದರೆ ಮತ್ತೆ ಅದೇ ಪ್ರಶ್ನೆ ಕೇಳಿಸಿಕೊಳ್ಳಬೇಕಾಗುತ್ತದೆ, ಅದರಿಂದ ತಪ್ಪಿಸಿಕೊಳ್ಳಲು.

ಊಟದ ಮೇಲೆ ಅತ್ತೆ ಆಡುತ್ತಿದ್ದರು. ಆಡುತ್ತಲೇ ಕೇಳಿದರು, "ಹಸಿರು ಟೋಪಿಯವನನ್ನ ವಾಪಸ್ಸು ಕರ್ಕೊಂಡು ಬಂದ್ರಿ. ಮೊದಲು ಅವನು ಬರದೆ ಇದ್ದಿದ್ದು ನಿಮ್ಮ ತಪ್ಪಾ, ಇಲ್ಲ ಅವನ ತಪ್ಪಾ?" ಯಾಕೆ ಅಂದೆ. ಆಗ ಹೇಳಿದರು.

"ಹಾಸ್ಟೆಲ್ನಲ್ಲಿ ಒಬ್ಬಳಿದ್ದಳು. ಕಿಟಕಿ ಪಕ್ಕದ ಹಾಸಿಗೆ. ಜೋರಾಗಿ ನಗೋಳು. ಒಂದು ದಿನ ಬೆಳಿಗ್ಗೆ ಗಿರಣಿಗೆ ಹೋದಳು, ಸಂಜೆ ಬರಲಿಲ್ಲ. ಗಿರಣಿಯಲ್ಲಿ ಕೇಳಿದ್ರೆ ಹೊತ್ತಿಗೆ ಸರಿಯಾಗಿ ಹೊರಟಳು ಅಂದ್ರು. ಮನೆಯವರಿಗೆ ಗೊತ್ತಿಲ್ಲ. ಪೊಲೀಸ್ನೋರೂ ಹುಡುಕಿದ್ರು. ಏನೂ ಇಲ್ಲ. ಗೇಟಿಗೆ ಬೀಗ ಹಾಕದೆ ಒಂದು ವಾರ ಕೂತೆ. ಆಮೇಲೆ ಆಫೀಸಿನವರು ಬಂದು, ಗೇಟಿನ ಹತ್ತಿರದ ಹೆಸರಿನ ಬೋರ್ಡಿನಿಂದ ಅವಳ ಹೆಸರು ಅಳಿಸಿ, ಹಾಸಿಗೆ ಬೇರೆಯವರಿಗೆ ಕೊಡಿ ಅಂದ್ರು."

"ಕೊಟ್ರಾ?"

"ಹಾಸಿಗೆ ಕೊಟ್ಟೆ. ಮಲಗೋಕೆ ಜಾಗ ಇಲ್ದೋರು ಇದ್ರು. ಹೆಸರು ಅಳಿಸ್ಲಿಲ್ಲ. ನಾನು ಬಿಡೋ ತನಕ ಇತ್ತು."

ನನಗೆ ದುಃಖವಾಯಿತು. ಆಮೇಲೆ ಆ ಆಫೀಸಿನವರ ಮೇಲೆ ಎಲ್ಲಿಲ್ಲದ ಕೋಪ ಬಂತು. ಬೋರ್ಡಿನ ಮೇಲೆ ಒಂದು ಹೆಸರು ಇದ್ದರೆ ಅವರ ಗಂಟೇನು ಹೋಗುತ್ತಿತ್ತು? ಆರಾಮಾಗಿ ಬಂದು ಅಳಿಸಿ ಅಂದರಂತೆ.

ಅತ್ತೆ ಮಲಗಿದ ಮೇಲೆ ಹಸಿರು ಟೋಪಿಯ ಕೋಡ್ ಬದಲಾಯಿಸಿದೆ. ಇನ್ನು ಅವನು ಎಂದಾದರೂ ಒಂದು ಸಂಜೆ ಬರದೆ ಇರಬಹುದು. ದೂತನೂ ಬರುವುದಿಲ್ಲ. ಮುಂದೆ ಯಾವ ದಿನ ಬರುತ್ತಾನೆಂದು ಬರೆದ ನನಗೂ ಗೊತ್ತಾಗದ ಹಾಗೆ ಮಾಡಿದ್ದೇನೆ. ಆದರೆ ಲೆಕ್ಕದಿಂದ ಡಿಲೀಟ್ ಆಗುವುದಿಲ್ಲ. ಆಟದ ಬಾಗಿಲಿಗೂ ಒಂದು ಬೋರ್ಡ್ ಹಾಕಿದ್ದೇನೆ, ಅದರಲ್ಲಿ ಹನ್ನೆರಡು ಅಂದರೆ ಹನ್ನೆರಡೇ.

ಏಪ್ರಿಲ್ ೧೮, ಗುರುವಾರ

ಲಿಫ್ಟ್ ರಿಪೇರಿಯಾಯಿತಂತೆ.

ಇಷ್ಟು ದಿನ ಪಾರ್ಟ್ ಇಲ್ಲ, ಪಾರ್ಟ್ ತಪ್ಪು, ಮೆಕ್ಯಾನಿಕ್ ರಜೆ ಎಂದು ಕಥೆ ಹೇಳಿದವರು ಈಗ ಏಕಾಏಕಿ ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟರಂತೆ. ಇಷ್ಟು ಅವಸರದಲ್ಲಿ ಮಾಡಿದ ರಿಪೇರಿ ಯಾವ ಸೌಭಾಗ್ಯಕ್ಕೆ? ಅದನ್ನು ನಂಬಿ ವಯಸ್ಸಾದವರನ್ನು ಹತ್ತಿಸುವುದು ಹೇಗೆ? ಭಾಮೈದನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ.

"ಭಾವ, ನೀವೇ ತಾನೇ ದಿನಾ ಫೋನ್ ಮಾಡಿ ಬೈತಾ ಇದ್ದಿದ್ದು?" ಅಂದ.

ಮೊನ್ನೆ ಪ್ಲಾಸ್ಟರ್ ಕೂಡ ಬಿಚ್ಚಿದ್ದಾರೆ. ಇಪ್ಪತ್ತೇಳಕ್ಕೆ ಬಂದು ಕರೆದುಕೊಂಡು ಹೋಗುತ್ತಾನಂತೆ. ಪ್ರದರ್ಶನ ಮೇ ಐದಕ್ಕೆ. ಅಲ್ಲಿಯವರೆಗೆ ಆಟವನ್ನು ದಿನಾ ಆಡಿ ತಪ್ಪು ಹುಡುಕುವವರು ಯಾರು? ಈ ಅನುಕೂಲ ಅನನುಕೂಲ ಯಾರಿಗೂ ಬೇಕಾಗಿಲ್ಲ. ಅತ್ತೆಯನ್ನು ಕೇಳಿದರೆ, "ಅಲ್ಲೇ ಅಭ್ಯಾಸ ಆಗಿದೆ. ನಿಮಗೂ ನಿಮ್ಮ ಕೋಣೆ ವಾಪಸ್ಸು ಸಿಗುತ್ತಲ್ಲ" ಅಂದರು. ಒಂದೂವರೆ ತಿಂಗಳು ಊಟದ ಮೇಜಿನಲ್ಲಿ ಕೂತವನು ನಾನು, ಕೋಣೆ ಬೇಕು ಎಂದು ನಾನು ಯಾವಾಗ ಬಾಯಿ ಬಿಟ್ಟೆ?

ಏಪ್ರಿಲ್ ೨೭, ಶನಿವಾರ

ಹೋದರು.

ಕಾರಿನಲ್ಲಿ ಕೂತ ಮೇಲೆ ಕಿಟಕಿ ಇಳಿಸಿ, "ದೋಣಿಯವನು ನೆನೆದು ಬರ್ತಾನೆ, ಅವನಿಗೊಂದು ಒಣ ಬಟ್ಟೆ ಕೊಡೋ ಥರ ಮಾಡಿ" ಅಂದರು. ಭಾಮೈದ ಯಾವ ದೋಣಿಯವನು ಅಂದ. ಅವನಿಗೆ ಹೇಳುವ ಅಗತ್ಯವಿರಲಿಲ್ಲ.

ಏಪ್ರಿಲ್ ೩೦, ಮಂಗಳವಾರ

ಇವತ್ತು ಮೂರು ಸೆಟ್ ಹಲ್ಲು ಒಟ್ಟಿಗೆ ಬಂತು. ಮುಗಿಸಿ ಮನೆಗೆ ಬಂದಾಗ ಒಂಬತ್ತು ದಾಟಿತ್ತು. ಬೀಗ ತೆಗೆದು ಒಳಗೆ ಬಂದೆ. ಕೈಕುರ್ಚಿ ಬಾಗಿಲ ಕಡೆಗೇ ತಿರುಗಿದೆ, ನಾನು ಸರಿಸಿಲ್ಲ, ಸರಿಸಲು ಪುರುಸೊತ್ತಾಗಿಲ್ಲ.

ಯಾರೂ ಏನೂ ಕೇಳಲಿಲ್ಲ. ಒಬ್ಬ ಮನುಷ್ಯ ದಿನವಿಡೀ ದುಡಿದು ಒಂಬತ್ತು ಗಂಟೆಗೆ ಮನೆಗೆ ಬಂದರೆ ಕೇಳುವವರು ದಿಕ್ಕಿಲ್ಲ. ಬಸ್ ಕೆಳಗೆ ಬಿದ್ದಿದ್ದರೂ ನಾಳೆ ಬೆಳಿಗ್ಗೆ ಯಜಮಾನ ಹಾಜರಿ ಹಾಕುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದಕ್ಕೆ ಮನೆ ಎನ್ನುತ್ತಾರೆಯೇ? ಬಹಳ ಹೊತ್ತು ಕೋಪದಲ್ಲೇ ಇದ್ದೆ. ಆಮೇಲೆ ದೋಣಿಯವನಿಗೆ ಒಣ ಬಟ್ಟೆ ಮಾಡಿದೆ.

ಮೇ ೫, ಭಾನುವಾರ

ನಾಲ್ಕು ಮೇಜಿನಲ್ಲೂ ನನಗೆ ಜಾಗವಿಲ್ಲವಂತೆ. ಪಿಕ್ಸೆಲ್ ಒಂದು ಚೀಟಿಯ ಮೇಲೆ "ಇತರೆ" ಎಂದು ಬರೆದು ಮೂಲೆಯಲ್ಲಿ ನೀರಿನ ಕ್ಯಾನಿನ ಪಕ್ಕ ಅಂಟಿಸಿದ್ದ. ಚೀಟಿ ಕಿತ್ತು ಅವನ ಕೈಗೇ ಕೊಟ್ಟೆ. ನನ್ನ ಕಂಪ್ಯೂಟರನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟುಕೊಂಡೆ. ಬಾಗಿಲ ಆಟ ಬಾಗಿಲಲ್ಲೇ ಇರಲಿ ಎಂದೆ.

ಜನ ಬಂದರು, ಯುದ್ಧದ ಮೇಜಿಗೆ ಮುಗಿಬಿದ್ದರು, ಹೋದರು. ನನ್ನ ಹತ್ತಿರ ನಿಂತವರು ಕೆಲವರೇ. ಕೈಯಲ್ಲಿ ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು ಮಾತ್ರ ಕೂತುಬಿಟ್ಟಳು. ಅವಳ ಆಟದಲ್ಲಿ ಹಸಿರು ಟೋಪಿ ಬರಲಿಲ್ಲ. ಇದು ಕೆಟ್ಟಿದೆಯಾ ಅಂತ ಕೇಳಲಿಲ್ಲ. ದೀಪ ಆರಿಸದೆ ಕಾದಳು, ಆಟದ ಮಾರನೆಯ ದಿನವೂ ಕಾದಳು. ಕೊನೆಗೆ ಅವಳ ಗಂಡ ಬಂದು ಬಸ್ಸು ಹೋಗುತ್ತದೆ ಎಂದು ಎಬ್ಬಿಸಿದ. ಎದ್ದವಳು ನನಗೆ, "ನೀವು ಬಾಗಿಲು ಹಾಕಬೇಡಿ ಆಯ್ತಾ" ಎಂದು ಹೇಳಿ ಹೋದಳು.

ಸಾಮಾನು ಕಟ್ಟುವಾಗ ಪಿಕ್ಸೆಲ್ ಪಕ್ಕಕ್ಕೆ ಬಂದು ನಿಂತ. ಏನೋ ಹೇಳಿ ಗೇಲಿ ಮಾಡಲು ಬಂದಿದ್ದಾನೆಂದು ತಯಾರಾದೆ. "ಆ ಹಸಿರು ಟೋಪಿಯವನು ಬಂದನಾ ಸಾರ್?" ಅಂದ. ಇಲ್ಲ ಅಂದೆ. ಹೌದಾ ಎಂದು ತಲೆ ಕೆರೆದುಕೊಂಡು ಹೋದ. ಒಂದು ತಿಂಗಳ ಹಿಂದೆ ಕೇಳಲು ಏನಾಗಿತ್ತು ಇವನಿಗೆ?

ಮೇ ೧೧, ಶನಿವಾರ

ನನ್ನವಳು ಮಧ್ಯಾಹ್ನ ಬಂದಳು. ಬಿಸಿಲಿಗೆ ಕಪ್ಪಾಗಿದ್ದಾಳೆ. ಚೀಲ ಇಳಿಸಿದವಳೇ ಊಟದ ಮೇಜು ನೋಡಿದಳು.

"ಅಮ್ಮ ಹೋಗಿ ಎಷ್ಟು ದಿನ ಆಯ್ತು? ಕಂಪ್ಯೂಟರ್ ಇನ್ನೂ ಇಲ್ಲೇ ಇದೆಯಲ್ರೀ."

"ವಯರು ಎಳೆಯೋದು ಕಷ್ಟ."

ಕೋಣೆಯೊಳಗೆ ಇಣುಕಿ ನೋಡಿದಳು. ಮಂಚ, ಹಾಸಿಗೆ, ತಲೆಯ ಹತ್ತಿರ ನೀರಿನ ಲೋಟ. ಹೊರಗೆ ಬಂದು ಆಟ ತೋರಿಸಿ ಅಂದಳು. ತೋರಿಸಿದೆ. ಇವಳೂ ತಾಯಿಯ ಹಾಗೆ ಬೆರಳಿಟ್ಟೇ ಎಣಿಸುತ್ತಾಳೆ, ಇಷ್ಟು ವರ್ಷದಲ್ಲಿ ನಾನು ಗಮನಿಸಿರಲಿಲ್ಲ. ಸಂಜೆಯಾಗುವ ತನಕ ಆಡಿದಳು.

"ಇದು ಮುಗಿಯೋದು ಯಾವಾಗ?"

ಮುಗಿಯುವುದಿಲ್ಲ ಎಂದೆ.

"ಹಾಗಾದ್ರೆ ಮುಗಿಸಿಲ್ಲ ಅಂತಾಯ್ತಲ್ಲ. ಮಾತು ಮಾತೇ. ಕೋಣೆ ನಂದು."

ನನಗೆ ರೇಗಿತು. ಡ್ರಾಯಿಂಗ್ ಮೇಜು ಬೇಕಾದರೆ ಹಾಲ್‌ನಲ್ಲಿ ಹಾಕಿಕೋ, ಅಡುಗೆಮನೆಯಲ್ಲಿ ಹಾಕಿಕೋ, ನನ್ನ ತಲೆಯ ಮೇಲೆ ಹಾಕಿಕೋ ಎಂದೆ. ಆ ಕೋಣೆ ನಿನ್ನದೂ ಅಲ್ಲ, ನನ್ನದೂ ಅಲ್ಲ, ಆ ಹಾಸಿಗೆಯನ್ನು ಯಾರೂ ಮುಟ್ಟಬಾರದು ಎಂದೆ. ದನಿ ಸ್ವಲ್ಪ ಜೋರಾಯಿತು. ಇವಳು ನನ್ನನ್ನೇ ನೋಡುತ್ತಾ ಕೂತಳು. ಈ ಹೆಂಗಸಿಗೆ ತಾಯಿಯ ಹಾಸಿಗೆಯ ಮೇಲೆ ಒಂದಿಷ್ಟೂ ಕಾಳಜಿ ಇಲ್ಲವೇ?

ಅಷ್ಟರಲ್ಲಿ ಫೋನ್ ಬಂತು. ಅತ್ತೆ. ಸಂಜೆ ಸುತ್ತಾಡಿ ಬರಲು ಕೆಳಗಿಳಿದಿದ್ದರಂತೆ, ವಾಪಸ್ಸು ಬಂದರೆ ಲಿಫ್ಟ್ ಕೆಟ್ಟಿದೆಯಂತೆ. ಭಾಮೈದ ಸಂಸಾರ ಸಮೇತ ಹೊರಗೆ ಹೋಗಿದ್ದಾನೆ, ಬರುವುದು ನಾಳೆ. ವಾಚ್‌ಮನ್ನಿನ ಕುರ್ಚಿಯಲ್ಲಿ ಕೂತಿದ್ದಾರೆ. "ಅವಸರ ಏನಿಲ್ಲ" ಅಂದರು.

ಅವಸರವಿಲ್ಲವಂತೆ. ಆ ಲಿಫ್ಟಿನವರನ್ನು ಸಾಲಾಗಿ ನಿಲ್ಲಿಸಿ ಕೇಳುವವರಿಲ್ಲ. ಅವಸರದ ರಿಪೇರಿ ಎಂದು ನಾನು ಆವತ್ತೇ ಹೇಳಿರಲಿಲ್ಲವೇ? ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಂತೆ ಇವಳು, "ನಾನು ಟ್ಯಾಕ್ಸಿಯಲ್ಲಿ ಹೋಗಿ ಕರ್ಕೊಂಡು ಬರ್ತೀನಿ. ನೀವು ಅಲ್ಲಿ ಹೋದ್ರೆ ಜಗಳ ಆಗುತ್ತೆ. ಮಂಚ ಸರಿ ಮಾಡಿಡಿ" ಎಂದು ಹೊರಟಳು.

ಮಂಚದಲ್ಲಿ ಸರಿ ಮಾಡುವುದೇನೂ ಇರಲಿಲ್ಲ. ಲೋಟದ ನೀರು ಬದಲಾಯಿಸಿದೆ. ಬಾಗಿಲ ಹೊರಗಿನ ದೀಪ ಹಾಕಿ ಬಂದು ಕೈಕುರ್ಚಿಯಲ್ಲಿ ಕೂತೆ. ಏಳೂವರೆಯಾಯಿತು, ಎಂಟಾಯಿತು. ಇವಳಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಒಂದು ಟ್ಯಾಕ್ಸಿ ಊರಿನ ಆ ತುದಿಯಿಂದ ಈ ತುದಿಗೆ ಬರಲು ಇಷ್ಟು ಹೊತ್ತು ಬೇಕೇ? ಮೇಜಿನ ಮೇಲೆ ಆಟ ಹಾಗೇ ಓಡುತ್ತಿತ್ತು, ಹಸಿರು ಟೋಪಿ ಬಂದನೋ ಇಲ್ಲವೋ ನೋಡಲಿಲ್ಲ.

ಎಂಟೂವರೆ ದಾಟಿದ ಮೇಲೆ ಹೊರಗೆ ಕೋಲಿನ ಸದ್ದಾಯಿತು. ಇವಳು ಬಾಗಿಲು ತಳ್ಳಿದಳು, ಹಿಂದೆ ಅತ್ತೆ.

"ಯಾಕತ್ತೆ ಇಷ್ಟು ಹೊತ್ತು?" ಎಂದೆ. ದನಿ ಒರಟಾಗಿಯೇ ಇತ್ತು.

ಅತ್ತೆ ಹೊಸ್ತಿಲಲ್ಲಿ ನಿಂತು ಒಂದು ಕ್ಷಣ ನನ್ನ ಮುಖ ನೋಡಿದರು. "ಟ್ರಾಫಿಕ್ ಇತ್ತಪ್ಪಾ" ಎಂದು ಒಳಗೆ ಬಂದರು. ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ನಾನು ಗೊಣಗುತ್ತಾ ಎದ್ದು ಹೋಗಿ ಚಿಲಕ ಹಾಕಿದೆ.